ಅತ್ತೆಯ ಕಾಲಿಂಗ್ ಬೆಲ್ಲು, ನನ್ನ ಇಸ್ತ್ರಿ ಪೆಟ್ಟಿಗೆ

ನಮ್ಮ ಮನೆಯಲ್ಲಿ ಯಾವುದೇ ಸಾಮಾನು ತನ್ನ ಕೆಲಸ ಮಾತ್ರ ಮಾಡಿಕೊಂಡು ಮರ್ಯಾದೆಯಿಂದ ಬದುಕಿ ಬಹಳ ದಿನವಾಯಿತು. ಇಸ್ತ್ರಿ ಪೆಟ್ಟಿಗೆ ತಾಮ್ರದ ಹಲಗೆಯ ಮೇಲೆ ಓಡಾಡುತ್ತದೆ. ಗುಂಡಿ ಡಬ್ಬಕ್ಕೆ ಕೈ ಹಾಕಿದರೆ ಗುಂಡಿಯ ಬದಲು ರೆಸಿಸ್ಟರ್ ಬರುತ್ತದೆ. ಇಂಥ ಮನೆಯಲ್ಲಿ ಎಡವಟ್ಟು ಆಗದೆ ಇನ್ನೇನಾಗುತ್ತದೆ? ಆಗುತ್ತಲೇ ಇರುತ್ತದೆ. ಒಂದರ ನಗು ಮುಗಿಯುವಷ್ಟರಲ್ಲಿ ಇನ್ನೊಂದು ಬಂದು ಬಾಗಿಲಲ್ಲಿ ನಿಂತಿರುತ್ತದೆ.

ನಾನು ಕಾಮಾಕ್ಷಿಪಾಳ್ಯದಲ್ಲಿ ಬ್ಲೌಸ್ ಹೊಲಿಯುವವಳು. ಅಂಗಡಿ ಮನೆಯಿಂದ ಒಂದು ಕ್ರಾಸ್ ಆಚೆ. ವಿಜ್ಞಾನಕ್ಕೂ ನನಗೂ ಹೈಸ್ಕೂಲಿನಲ್ಲೇ ಮಾತು ಬಿಟ್ಟುಹೋಗಿತ್ತು. ಒಂದು ದಿನ ಹೊಲಿಗೆ ಮಿಷಿನ್ನಿನ ಮೋಟಾರು ನಿಂತಿತು. ರಿಪೇರಿಯವನು ಒಳಗಿನಿಂದ ಒಂದು ಪುಟ್ಟ ಹಸಿರು ಹಲಗೆ ತೆಗೆದು, ಹೊಸದೊಂದು ಹಾಕಿ, "ಬೋರ್ಡ್ ಹೋಗಿತ್ತು ಅಕ್ಕಾ" ಎಂದು ಹೊರಟುಹೋದ. ಹಳೆಯದನ್ನು ಬೆಳಕಿಗೆ ಹಿಡಿದು ನೋಡಿದೆ. ಸಣ್ಣ ಸಣ್ಣ ತಾಮ್ರದ ಗೆರೆಗಳು, ಗೆರೆಯ ತುದಿಗೊಂದು ತೂತು, ತೂತಿನಲ್ಲೊಂದು ಬಿಡಿಭಾಗದ ತಂತಿ ಕಾಲು. ಅಯ್ಯೋ, ಇದು ಕಸೂತಿಯೇ! ಬಟ್ಟೆಯ ಬದಲು ಹಲಗೆ, ದಾರದ ಬದಲು ತಾಮ್ರ, ಅಷ್ಟೇ. ಇದನ್ನು ಮನೆಯಲ್ಲೇ ಮಾಡಬಹುದು ಎಂದು ಮೊಬೈಲಿನಲ್ಲಿ ಯಾರೋ ತೋರಿಸುತ್ತಿದ್ದರು. ಅವತ್ತಿನಿಂದ ಹೆಮ್ಮಿಂಗ್ ಮಾಡುತ್ತಾ ಧಾರಾವಾಹಿ ನೋಡುವುದು ಬಿಟ್ಟು ಬೋರ್ಡ್ ಮಾಡುವ ವಿಡಿಯೋ ನೋಡತೊಡಗಿದೆ.

ನಮ್ಮ ಮನೆಯವರಿಗೆ ಲೇತ್ ಕೆಲಸ. ಒಂದು ಸಂಜೆ ಬಂದವರು ನನ್ನ ಮೊಬೈಲ್ ಇಣುಕಿ, "ಎಲ್ಲರ ಹೆಂಡ್ತೀರೂ ಅಡುಗೆ ವಿಡಿಯೋ ನೋಡ್ತಾರೆ ಕಣೇ" ಎಂದರು.

"ಅದಕ್ಕೇ ಅವರ ಗಂಡಂದಿರಿಗೆ ಹೊಟ್ಟೆ ಬಂದಿರೋದು. ನೀವು ಸಣ್ಣಗೆ ಚೆನ್ನಾಗಿದೀರಿ" ಎಂದೆ.

ಬಾಗಿಲಲ್ಲಿ ಹುಟ್ಟಿದ ಮುನಿಸು

ವಿಡಿಯೋ ನೋಡುವುದು ಬೇರೆ, ಕೈ ಹಾಕುವುದು ಬೇರೆ. ನಾನು ಕೈ ಹಾಕಿದ್ದು ಅತ್ತೆಯ ದೆಸೆಯಿಂದ.

ಅತ್ತೆಗೆ ಕಿವಿ ಮಂದ. ಕಿವಿಗೆ ಹಾಕಿಕೊಳ್ಳುವ ಮಿಷಿನ್ ಇದೆ, ಆದರೆ ಅದು ಬೀರುವಿನಲ್ಲಿ ಒಡವೆಯ ಜೊತೆ ಇರುತ್ತದೆ. "ದಿನಾ ಹಾಕ್ಕೊಂಡ್ರೆ ಸವೆದು ಹೋಗಲ್ವೇನೇ?" ಎನ್ನುತ್ತಾರೆ. ಮದುವೆ, ನಾಮಕರಣಕ್ಕೆ ಓಲೆ ಜುಮುಕಿಯ ಜೊತೆ ಅದೂ ಹೊರಗೆ ಬರುತ್ತದೆ. ಛತ್ರದ ವಾಲಗ ಶುರುವಾದ ಕೂಡಲೇ "ಥೂ, ಏನು ಗಲಾಟೆ!" ಎಂದು ತೆಗೆದು ಪರ್ಸಿಗೆ ಸೇರಿಸುತ್ತಾರೆ.

ಅತ್ತೆಗೊಬ್ಬ ಗೆಳತಿ, ಮೂಲೆಮನೆ ಅಜ್ಜಿ. ಇಬ್ಬರೂ ಈ ಜಾಗ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ ಒಂದೇ ವರ್ಷ ಮದುವೆಯಾಗಿ ಬಂದವರು. ನಾನು ಈ ಮನೆಗೆ ಬಂದಾಗಿನಿಂದ ನೋಡಿದ್ದೇನೆ, ಮಧ್ಯಾಹ್ನದ ಊಟ ಮುಗಿದರೆ ಮೂಲೆಮನೆ ಅಜ್ಜಿ ಎಲೆಅಡಿಕೆ ಚೀಲ ಹಿಡಿದು ಬರುವುದು, ಇಬ್ಬರೂ ಚೌಕಾಬಾರ ಹಾಸಿಕೊಂಡು ಕೂರುವುದು, ಕವಡೆ ಬಿದ್ದದ್ದು ಸರಿಯಿಲ್ಲವೆಂದು ಜಗಳವಾಡುವುದು. ಆ ಜಗಳವಿಲ್ಲದೆ ಇಬ್ಬರಿಗೂ ತಿಂದದ್ದು ಅರಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಜ್ಜಿ ಬಿಸಿಲಲ್ಲಿ ನಿಂತು ಬೆಲ್ ಒತ್ತಿದ್ದಾರೆ. ನಾನು ಅಂಗಡಿಯಲ್ಲಿ. ಅತ್ತೆ ಒಳಗೆ ಕುರ್ಚಿಯಲ್ಲಿ, ಬಾಗಿಲಿಗೆ ಬೆನ್ನು ಹಾಕಿ. ಕೇಳಿಸಲೇ ಇಲ್ಲ. ಅಜ್ಜಿ ಮುಖ ಊದಿಸಿಕೊಂಡು ವಾಪಸ್ಸು ಹೋದರು. ಅದು ಮತ್ತೊಮ್ಮೆ ಆಯಿತು. ಅಷ್ಟೇ, ಬರುವುದು ನಿಂತಿತು.

ಕೇಳಲು ಹೋದೆ. "ಯಾಕ್ ಬರ್ಲಿ ನಾನು? ಬೆಲ್ ಒತ್ತಿ ಒತ್ತಿ ಬೆರಳು ಸವೀತು. ಬೇಕು ಅಂದ್ರೆ ಬಾಗ್ಲು ತೆಗೀತಿದ್ಲು. ಮಗಳು ಕೆಂಗೇರಿಗೆ ಬಾ ಬಾ ಅಂತಿದಾಳೆ, ಹೋಗ್ಬಿಡ್ತೀನಿ. ಇಲ್ಲಿ ಇನ್ಯಾರಿದಾರೆ ನಂಗೆ?" ಎಂದರು.

ಮನೆಗೆ ಬಂದು ಅತ್ತೆಗೆ ಹೇಳಿದೆ. "ಅವಳು ಬರ್ದೇ ಇದ್ಮೇಲೆ ನಾನ್ಯಾಕೆ ಹೋಗ್ಲಿ? ಹೋಗ್ಲಿ ಬಿಡು ಕೆಂಗೇರಿಗೆ, ಗಾಳಿ ಚೆನ್ನಾಗಿರುತ್ತೆ" ಎಂದು ಟಿ.ವಿ. ಕಡೆ ತಿರುಗಿದರು. ಆದರೆ ಮಧ್ಯಾಹ್ನ ಚೌಕಾಬಾರದ ಹಲಗೆ ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಗೋಡೆಗೆ ಒರಗಿಸಿ ಇಡುವುದನ್ನು ನೋಡಿದೆ.

ಬೆಲ್ ಕೇಳಿಸದವರಿಗೆ ಬೆಲ್ ಕಾಣಿಸಬೇಕು. ಗೇಟಿನಲ್ಲಿ ಗುಂಡಿ ಒತ್ತಿದರೆ ಅತ್ತೆಯ ಕಣ್ಣ ಮುಂದೆ ಒಂದು ಕೆಂಪು ದೀಪ ಹತ್ತಬೇಕು, ಸ್ವಲ್ಪ ಹೊತ್ತು ಉರಿಯಬೇಕು. ಇದೇ ನನ್ನ ಯೋಚನೆ. ಮನೆಯವರು, "ಇಂಥದ್ದು ರೆಡಿ ಸಿಗುತ್ತೆ, ಮೊಬೈಲಲ್ಲಿ ಆರ್ಡರ್ ಮಾಡಿದ್ರೆ ಮನೆಗೇ ಬರುತ್ತೆ" ಎಂದರು.

"ಆರ್ಡರ್ ತಂದವನು ಬೆಲ್ ಒತ್ತಿದ್ರೆ ಬಾಗ್ಲು ಯಾರು ತೆಗೀತಾರೆ?" ಎಂದೆ.

ಒಂದು ಮೀಟರ್ ಕೊಡಿ

ಲೈನಿಂಗ್ ಬಟ್ಟೆಗೆ, ದಾರಕ್ಕೆ ನಾನು ಹೇಗೂ ವಿಜಯನಗರದಲ್ಲಿ ಮೆಟ್ರೋ ಹತ್ತಿ ಚಿಕ್ಕಪೇಟೆಗೆ ಹೋಗುತ್ತೇನೆ. ಅಲ್ಲಿಂದ ನಾಲ್ಕು ಹೆಜ್ಜೆ ಹಾಕಿದರೆ ಎಸ್.ಪಿ. ರೋಡು. ಎಲೆಕ್ಟ್ರಾನಿಕ್ ಸಾಮಾನಿನ ಒಂದು ಅಂಗಡಿಯ ಮುಂದೆ ನಿಂತೆ. ಸುತ್ತ ಕಾಲೇಜು ಹುಡುಗರು. ಅಂಗಡಿಯವರು, "ಏನ್ ಮೇಡಂ, ಮಗನ ಪ್ರಾಜೆಕ್ಟಾ?" ಎಂದರು.

"ಅಲ್ಲ, ನಂದೇ."

"ಓ, ಕಾಲೇಜ್ ಲೆಕ್ಚರರ್ರಾ?"

"ಟೈಲರ್" ಎಂದೆ. ಪಕ್ಕದ ಹುಡುಗರು ಸ್ವಲ್ಪ ಜಾಗ ಬಿಟ್ಟು ನಿಂತರು.

ತಾಮ್ರದ ಪದರ ಅಂಟಿಸಿದ ಹಲಗೆ ಬೇಕೆಂದೆ. ಇದರ ಮೇಲೆ ಬೇಕಾದ ಗೆರೆಗಳನ್ನು ಮುಚ್ಚಿಟ್ಟು, ಮಿಕ್ಕ ತಾಮ್ರವನ್ನು ಒಂದು ರಾಸಾಯನಿಕ ನೀರಿನಲ್ಲಿ ಕರಗಿಸಿದರೆ ಬೋರ್ಡು. ಅಷ್ಟು ವಿಡಿಯೋದಲ್ಲಿ ಕಲಿತಿದ್ದೆ. ಆದರೆ ಹಲಗೆ ಕೈಗೆ ಬಂದ ಕೂಡಲೇ ಬುದ್ಧಿ ವಿಡಿಯೋ ಬಿಟ್ಟು ಬಟ್ಟೆ ಅಂಗಡಿಗೆ ಓಡಿತು. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿದೆ, ಉಲ್ಟಾ ತಿರುಗಿಸಿದೆ, ಬೆಳಕಿಗೆ ಹಿಡಿದೆ. "ಪನ್ನ ಎಷ್ಟಿದೆ?" ಎಂದೆ.

"ಏನೆಷ್ಟು?"

"ಅಗಲ, ಅಗಲ. ಇರ್ಲಿ, ಒಂದು ಮೀಟರ್ ಕೊಡಿ."

ಅಂಗಡಿಯವರು ನನ್ನನ್ನೇ ನೋಡಿದರು. "ಮೇಡಂ, ಒಂದು ಮೀಟರಿಗೆ ನೀವು ರಾಕೆಟ್ ಬಿಡ್ಬೋದು. ಏನು ಮಾಡ್ತೀರ?"

"ಕಾಲಿಂಗ್ ಬೆಲ್."

ಅವರು ಅಂಗೈಯಗಲದ ತುಂಡು ಕೊಟ್ಟರು. ನಾನು ಇಷ್ಟು ವರ್ಷ ಬಟ್ಟೆಯವರ ಹತ್ತಿರ ಮೋಸ ಹೋಗಿ ಹೋಗಿ ಕಲಿತ ಪ್ರಶ್ನೆ ಒಂದು ಬಾಕಿ ಇತ್ತು. ಕೇಳದೆ ಬರಲು ಮನಸ್ಸು ಒಪ್ಪಲಿಲ್ಲ.

"ನೆನೆಹಾಕಿದ್ರೆ ಬಣ್ಣ ಬಿಡುತ್ತಾ?"

"ಬಿಡ್ಬೇಕು ಮೇಡಂ! ಬಿಡ್ಲಿಲ್ಲ ಅಂದ್ರೆ ವಾಪಸ್ ತನ್ನಿ" ಎಂದರು.

ಬೆನ್ನ ಮೇಲಿನ ಸರ್ಕ್ಯೂಟು

ಗೆರೆಗಳನ್ನು ತಾಮ್ರದ ಮೇಲೆ ಮೂಡಿಸಲು ಒಂದು ಉಪಾಯವಿದೆ. ಸರ್ಕ್ಯೂಟಿನ ಚಿತ್ರವನ್ನು ನುಣುಪು ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಆ ಕಾಗದವನ್ನು ಹಲಗೆಯ ಮೇಲೆ ಮಗುಚಿಟ್ಟು ಬಿಸಿ ಇಸ್ತ್ರಿ ಒತ್ತಬೇಕು. ಶಾಯಿ ಕರಗಿ ತಾಮ್ರಕ್ಕೆ ಅಂಟುತ್ತದೆ. ಇದನ್ನು ಕೇಳಿದಾಗ ನನಗೆ ಎಲ್ಲಿಲ್ಲದ ಧೈರ್ಯ ಬಂತು. ಇಸ್ತ್ರಿ ವಿಷಯದಲ್ಲಿ ನನಗೆ ಪಾಠ ಹೇಳುವವರು ಇನ್ನೂ ಹುಟ್ಟಬೇಕು!

ವಿಡಿಯೋ ನೋಡಿಕೊಂಡು ಮೊಬೈಲಿನಲ್ಲೇ ಚಿತ್ರ ಬರೆದೆ. ಸೀರೆ ಕ್ಯಾಟಲಾಗಿನ ಹಿಂಬದಿಯ ಖಾಲಿ ನುಣುಪು ಹಾಳೆಗಳನ್ನು ಹರಿದುಕೊಂಡು ನಾಗರಬಾವಿಯ ಜೆರಾಕ್ಸ್ ಅಂಗಡಿಗೆ ಹೋಗಿ, ಒಂದಿರಲಿ ಹೆಚ್ಚಿಗೆ ಎಂದು ಎರಡು ಪ್ರಿಂಟ್ ತೆಗೆಸಿದೆ. ನನ್ನ ಅಂಗಡಿಗೆ ಬಂದು ಒಂದನ್ನು ತಾಮ್ರದ ಮೇಲಿಟ್ಟು ಒತ್ತಿದೆ, ಒತ್ತಿದೆ, ತೋಳು ನೋಯುವಷ್ಟು ಒತ್ತಿದೆ. ಕಾಗದ ಕಿತ್ತರೆ ಹಲಗೆಯ ಮೇಲೆ ಅಲ್ಲೊಂದು ಇಲ್ಲೊಂದು ಇರುವೆಯಂಥ ಚುಕ್ಕಿ. ಗೆರೆಯೇ ಇಲ್ಲ.

ಅಷ್ಟರಲ್ಲಿ ಬಸವೇಶ್ವರನಗರದ ಗಿರಾಕಿಯೊಬ್ಬರು ಫೋನ್ ಮಾಡಿ, "ದಾರೀಲಿದೀನಿ, ಬ್ಲೌಸ್ ರೆಡಿ ಇದೆಯಲ್ವಾ?" ಎಂದರು. ಕೆನೆ ಬಣ್ಣದ ರೇಷ್ಮೆ ಬ್ಲೌಸು. ಹೊಲಿದಾಗಿತ್ತು, ಇಸ್ತ್ರಿ ಬಾಕಿ. ರೇಷ್ಮೆಗೆ ನೇರವಾಗಿ ಬಿಸಿ ತಾಕಿಸಬಾರದು, ಮೇಲೊಂದು ಕಾಗದ ಇಟ್ಟು ಒತ್ತುವುದು ನನ್ನ ಪದ್ಧತಿ. ಕೈಗೆ ಸಿಕ್ಕಿದ ಕಾಗದ ಎಳೆದುಕೊಂಡೆ. ಬ್ಲೌಸಿನ ಬೆನ್ನ ಮೇಲಿಟ್ಟೆ. ಒತ್ತಿದೆ.

ತೆಗೆದರೆ, ದೇವರೇ, ಬೆನ್ನ ತುಂಬ ಸರ್ಕ್ಯೂಟು! ಒಂದು ಗೆರೆ ಮಸುಕಾಗಿಲ್ಲ, ಒಂದು ಚುಕ್ಕಿ ಬಿಟ್ಟಿಲ್ಲ. ತಾಮ್ರದ ಮೇಲೆ ಕೂರದೆ ಅಷ್ಟು ಆಟ ಆಡಿಸಿದ್ದು ರೇಷ್ಮೆಯ ಮೇಲೆ ಹುಟ್ಟುಮಚ್ಚೆ ಹಾಗೆ ಕೂತಿತ್ತು. ಉಜ್ಜಿದೆ, ಹೋಗಲಿಲ್ಲ. ಬಾಗಿಲಲ್ಲಿ ಸ್ಕೂಟರ್ ನಿಂತಿತು.

ಆ ಮೇಡಂ ಬ್ಲೌಸ್ ಬಿಡಿಸಿದರು. ನಾನು ಟೇಪು ಕೊರಳಿಗೆ ಹಾಕಿಕೊಂಡು ನೇಣಿಗೆ ಸಿದ್ಧಳಾಗಿ ನಿಂತಿದ್ದೆ. "ಇದೇನ್ರೀ ಇದು? ಹೊಸ ಡಿಸೈನಾ? ಕಲಂಕಾರಿ ಅಲ್ಲ, ವಾರ್ಲೀನೂ ಅಲ್ಲ..."

"ಹೂಂ ಮೇಡಂ, ಈಗ ಇದೇ ಓಡ್ತಿರೋದು." ನಾಲಿಗೆ ನನ್ನನ್ನು ಕೇಳದೇ ಹೇಳಿತು.

"ನಂಗೆ ಹೇಳ್ದೇ ಸರ್ಪ್ರೈಸ್ ಮಾಡಿದೀರಾ!" ಎಂದು ಖುಷಿಯಾಗಿ ಹೋದರು.

ಮುಂದಿನ ವಾರ ಅದೇ ಬ್ಲೌಸ್ ಹಿಡಿದು ಬಂದರು. ನಾನು ಇಸ್ತ್ರಿ ಟೇಬಲ್ಲಿನ ಹಿಂದೆ ಸರಿದೆ. "ಮದುವೇಲಿ ಎಲ್ಲರೂ ಹೊಗಳಿದ್ರು ಕಣ್ರೀ. ಆದ್ರೆ ನಮ್ಮಕ್ಕನ ಮಗ ಇಂಜಿನಿಯರಿಂಗ್ ಓದ್ತಿದಾನೆ, ಊಟದ ಸಾಲಲ್ಲಿ ಹಿಂದೆ ನಿಂತಿದ್ದ. 'ಚಿಕ್ಕಮ್ಮಾ, ನಿಮ್ಮ ಬೆನ್ನಲ್ಲಿ ಗ್ರೌಂಡ್ ಕನೆಕ್ಷನ್ ಬಿಟ್ಟೋಗಿದೆ' ಅಂದ. ಏನೋ ಗೊತ್ತಿಲ್ಲಪ್ಪ, ಅದನ್ನ ಸೇರಿಸಿಕೊಡಿ."

ಅವರು ಹೋದ ಮೇಲೆ ಮೊಬೈಲಿನ ಚಿತ್ರ ತೆಗೆದು ನೋಡಿದೆ. ಹುಡುಗ ಹೇಳಿದ್ದು ನಿಜ. ಕರೆಂಟು ವಾಪಸ್ಸು ಹೋಗುವ ಆ ಒಂದು ಗೆರೆಯನ್ನೇ ನಾನು ಬರೆದಿರಲಿಲ್ಲ. ತಾಮ್ರದ ಮೇಲೆ ಅದು ಕೂತಿದ್ದರೂ ದೀಪ ಹತ್ತುತ್ತಿರಲಿಲ್ಲ. ಕಪ್ಪು ದಾರ ಪೋಣಿಸಿ, ಬ್ಲೌಸಿನ ಮೇಲೆ ಆ ಗೆರೆಯನ್ನು ನೀಟಾಗಿ ಹೊಲಿದು ಕೊಟ್ಟೆ. ನಾನು ಮಾಡಿದ ಮೊಟ್ಟಮೊದಲ ತಪ್ಪಿಲ್ಲದ ಸರ್ಕ್ಯೂಟು ಈಗಲೂ ಬಸವೇಶ್ವರನಗರದ ಮದುವೆ ಮುಂಜಿಗಳಲ್ಲಿ ಊಟ ಮಾಡಿಕೊಂಡು ಸುಖವಾಗಿದೆ.

ಹುಣಸೆ ನೀರು

ತಾಮ್ರ ಕರಗಿಸುವ ನೀರಿನ ಹೆಸರು ಫೆರಿಕ್ ಕ್ಲೋರೈಡ್. ಕಂದು ಬಣ್ಣ, ನೋಡಲು ಥೇಟ್ ಹುಣಸೆ ಹಣ್ಣು ಕಿವುಚಿದ ನೀರು. ಕೈಗೆ ತಾಕಿದರೆ ಕಲೆ, ಬಟ್ಟೆಗೆ ತಾಕಿದರೆ ಆ ಬಟ್ಟೆ ನೆಲ ಒರೆಸಲಿಕ್ಕೆ. ಅದನ್ನು ಅಡುಗೆಮನೆಗೆ ತರಬಾರದೆಂದು ನನಗೆ ಗೊತ್ತಿತ್ತು. ಕೈಗವಸು ಹಾಕಿಕೊಂಡು, ಹಿತ್ತಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬದಲ್ಲಿ ಕಲಸಿ ಇಟ್ಟಿದ್ದೆ. ಈ ಸಲ ಇರುವೆ ಚುಕ್ಕಿಯ ಹಲಗೆಯನ್ನೇ ಸುಮ್ಮನೆ ಮುಳುಗಿಸಿ, ತಾಮ್ರ ಹೇಗೆ ಕರಗುತ್ತದೆಂದು ನೋಡೋಣವೆಂದು ಇತ್ತು. ಅಷ್ಟರಲ್ಲಿ ಅಂಗಡಿಯ ಹತ್ತಿರ ಬಂದ ಗಿರಾಕಿಯೊಬ್ಬರು ಫೋನ್ ಮಾಡಿ ಕರೆದರು. ಹೋದವಳು ಸೀರೆಯ ಅಂಚಿಗೆ ಫಾಲ್ ಹಚ್ಚುತ್ತಾ ಕೂತುಬಿಟ್ಟೆ.

ಸಂಜೆ ಬಂದಾಗ ಅತ್ತೆಯ ಮುಖದಲ್ಲಿ ಗೆಲುವು. ಮೂಲೆಮನೆ ಅಜ್ಜಿ ಮುನಿಸಿಕೊಂಡ ಮೇಲೆ ಅಂಥ ಮುಖ ನೋಡಿರಲಿಲ್ಲ.

"ಏನೇ, ಹುಣಸೆ ನೀರು ಕಲಸಿಟ್ಟು ಮರ್ತೇ ಹೋಗಿದ್ಯಲ್ಲ! ನಾನೇ ತುಳಸಿ ಚೊಂಬು ಅದ್ರಲ್ಲಿ ಹಾಕಿಟ್ಟೆ. ನೋಡು ಹೆಂಗಾಗಿದೆ."

ಮೊದಲು ಅತ್ತೆಯ ಕೈ ಹಿಡಿದು ನೋಡಿದೆ. ಇಕ್ಕಳದಲ್ಲಿ ಎತ್ತಿ ಹಾಕಿದ್ದರಂತೆ, ಇಕ್ಕಳದಲ್ಲೇ ತೆಗೆದು ನಲ್ಲಿಯ ಕೆಳಗೆ ಹಿಡಿದಿದ್ದರಂತೆ. ಪುಣ್ಯಕ್ಕೆ ಏನೂ ಆಗಿರಲಿಲ್ಲ. ಆಮೇಲೆ ಚೊಂಬು ನೋಡಿದೆ. ಅವರ ತವರಿನ ಪುಟ್ಟ ತಾಮ್ರದ ಚೊಂಬು, ತುಳಸಿಗೆ ನೀರೆರೆಯುವುದು. ವರ್ಷಗಟ್ಟಲೆ ಬೆಳಗಿ ಬೆಳಗಿ ತಳ ಮೊದಲೇ ತೆಳ್ಳಗಾಗಿತ್ತು. ಈಗ ಹೊಸ ಮದುವಣಗಿತ್ತಿಯ ಹಾಗೆ ಗುಲಾಬಿ ಬಣ್ಣ. ಅತ್ತೆ ನೀರು ತುಂಬಿ ಎತ್ತಿದರು. ತಳದಿಂದ ತಟ ತಟ ಹನಿ.

ನಾನು ಅಳುವ ಹಾಗಾದೆ. ಅದು ಹುಣಸೆ ನೀರಲ್ಲ, ತಾಮ್ರ ತಿನ್ನುವ ನೀರು ಎಂದು ಕೈಸನ್ನೆ ಮಾಡಿ ಹೇಳಿದೆ. ಅತ್ತೆ ಚೊಂಬನ್ನು ಒಮ್ಮೆ, ನನ್ನ ಮುಖವನ್ನು ಒಮ್ಮೆ ನೋಡಿದರು. ಬೈಯಲಿಲ್ಲ. ಚೊಂಬನ್ನು ತುಳಸಿ ಕಟ್ಟೆಯ ಮೇಲಿಟ್ಟು ಒಳಗೆ ಹೋದರು. ನೀರು ಹನಿ ಹನಿಯಾಗಿ ಗಿಡದ ಬುಡಕ್ಕೆ ಇಳಿಯುತ್ತಿತ್ತು.

ಬೇಸಿಗೆಯಲ್ಲಿ ಒಣಗಿಕೊಂಡಿದ್ದ ತುಳಸಿ ಆ ತಿಂಗಳು ಪೊದೆಯಾಗಿ ಬೆಳೆಯಿತು. ಈಗ ಬಂದವರಿಗೆಲ್ಲ ಅತ್ತೆ ತೋರಿಸುತ್ತಾರೆ. "ನಮ್ಮ ಸೊಸೆ ಮಾಡಿದ್ದು. ನೀರು ಹಾಕೋ ಮಿಷಿನ್ನು."

ಎಳೆ ಬಿಡಬಾರದು

ಇಸ್ತ್ರಿಯ ಸಹವಾಸ ಸಾಕೆಂದು ತೀರ್ಮಾನಿಸಿದೆ. ಅಳಿಸದ ಮಾರ್ಕರ್ ಪೆನ್ನಿನಲ್ಲಿ ತಾಮ್ರದ ಮೇಲೆ ಕೈಯಾರೆ ಗೆರೆ ಎಳೆದರೂ ಆಗುತ್ತದಂತೆ. ಹೊಸ ಹಲಗೆಯ ಮೇಲೆ ಕಾಲುಗಳು ಬರುವ ಕಡೆಯೆಲ್ಲ ಚುಕ್ಕಿ ಇಟ್ಟು, ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದೆ. ಬಿಟ್ಟುಹೋಗಿದ್ದ ಗ್ರೌಂಡ್ ಗೆರೆಯನ್ನೂ ಸೇರಿಸಿದೆ. ಒಣಗಲೆಂದು ಊಟದ ಟೇಬಲ್ಲಿನ ಮೇಲಿಟ್ಟು ಅಂಗಡಿಗೆ ಹೋದೆ.

ಸಂಜೆ ಅದನ್ನು ಎತ್ತಿ ಸೀದಾ ಕಂದು ನೀರಿಗೆ ಹಾಕಿದೆ. ಈ ಸಲ ಪಕ್ಕದಲ್ಲೇ ಕಾವಲು ಕೂತಿದ್ದೆ. ತಾಮ್ರ ಕರಗಿತು, ಗೆರೆಗಳು ಉಳಿದವು. ಎಂಥ ಚಂದ! ನನ್ನ ಕೈಯಲ್ಲಿ ಇಷ್ಟು ದುಂಡಗೆ, ಇಷ್ಟು ತೂಕವಾಗಿ ಗೆರೆ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ನನ್ನನ್ನು ನಾನೇ ಮೆಚ್ಚಿಕೊಂಡು ತೂತು ಕೊರೆದು, ಬಿಡಿಭಾಗಗಳನ್ನೆಲ್ಲ ಬೆಸುಗೆ ಹಾಕಿದೆ. ಬೆಸುಗೆ ಹಾಕುವುದೂ ಒಂದು ಕಥೆಯೇ. ಸೋಲ್ಡ್ರಿಂಗ್ ಐರನ್ನಿನ ಪ್ಲಗ್ಗಿನಲ್ಲಿ ಒಂದು ಕೆಂಪು ದೀಪ ಉರಿಯುತ್ತದೆ. ನಾನು ಆ ಕಡೆ ತಿರುಗಿದರೆ ಅತ್ತೆ ಬಂದು ಸ್ವಿಚ್ ಆರಿಸಿ ಹೋಗುತ್ತಾರೆ. ಯಾರೂ ಇಲ್ಲದ ಕಡೆ ದೀಪ ಉರಿಯುವುದು ಅವರ ಕಣ್ಣಿಗೆ ಆಗದು. ಅಂತೂ ಮುಗಿಸಿ ಅಡಾಪ್ಟರ್ ಸಿಕ್ಕಿಸಿದೆ. ಟಪ್ ಎಂದಿತು. ದೀಪ ಹತ್ತಲಿಲ್ಲ, ಅಡಾಪ್ಟರು ಕಣ್ಣು ಮುಚ್ಚಿತು.

ಭೂತಗನ್ನಡಿ ಹಿಡಿದು ನೋಡಿದೆ. ಎಲ್ಲ ಗೆರೆಯೂ ಒಂದಕ್ಕೊಂದು ಸೇರಿಕೊಂಡಿತ್ತು. ಪ್ಲಸ್ಸು ಬಳುಕಿಕೊಂಡು ಹೋಗಿ ಮೈನಸ್ಸನ್ನು ತಬ್ಬಿಕೊಂಡಿತ್ತು. ಮೂಲೆಯಲ್ಲೊಂದು ಪುಟ್ಟ ತಾವರೆ ಬೇರೆ.

"ಅತ್ತೆ!"

"ಅರ್ಧಕ್ಕೇ ಬಿಟ್ಟು ಹೋಗಿದ್ಯಲ್ಲೇ" ಎಂದರು ಅತ್ತೆ, ಸಮಾಧಾನವಾಗಿ. "ಚುಕ್ಕಿ ಇಟ್ಟಿದೀಯ, ಎಳೆ ಎಳೆದಿದೀಯ, ಒಂದನ್ನೂ ಕೂಡಿಸಿಲ್ಲ. ರಂಗೋಲಿ ಎಳೆ ಹಂಗೆ ಬಾಯಿ ಬಿಟ್ಕೊಂಡಿದ್ರೆ ಮನೆಗೆ ಒಳ್ಳೇದಲ್ಲ. ಪೆನ್ನು ಅಲ್ಲೇ ಇತ್ತು, ಕೂಡಿಸ್ದೆ."

ಕೋಪ ಬರಬೇಕಿತ್ತು. ಬರಲಿಲ್ಲ. ಅವರ ಗೆರೆ ನೋಡಿದೆ, ನನ್ನ ಗೆರೆ ನೋಡಿದೆ. ಕುಣಿಯಲಾರದವಳು ನೆಲ ಡೊಂಕು ಅನ್ನುವುದು ಬೇಡ. ಇನ್ನೊಂದು ಹಲಗೆ ತಂದು ಅತ್ತೆಯ ಮುಂದಿಟ್ಟೆ. ನಾನು ಪೆನ್ಸಿಲಿನಲ್ಲಿ ದಾರಿ ತೋರಿಸಿದೆ, ಅವರು ಮಾರ್ಕರ್ ಹಿಡಿದರು. ಎರಡು ಗೆರೆ ಮುಟ್ಟಿ ಮುಟ್ಟಿ ತೋರಿಸಿ, "ಇವೆರಡು ಯಾವತ್ತೂ ಸೇರಬಾರದು" ಎಂದು ಕಿವಿಯ ಹತ್ತಿರ ಕೂಗಿದೆ.

ಅತ್ತೆ ಗೆರೆಗಳನ್ನು ನೋಡಿದರು. "ಇಷ್ಟು ಹತ್ರ ಇಟ್ಕೊಂಡು ಸೇರಬಾರ್ದು ಅಂದ್ರೆ ಹೆಂಗೇ? ನಾನೂ ಅವಳೂ ಇದ್ದಂಗೆ" ಎಂದರು.

ಅವಳು ಯಾರೆಂದು ನಾನು ಕೇಳಲಿಲ್ಲ. ಅತ್ತೆ ಕನ್ನಡಕ ಒರೆಸಿಕೊಂಡು ಒಂದೇ ಉಸಿರಿಗೆ ಇಡೀ ಸರ್ಕ್ಯೂಟು ಬರೆದರು. ಒಂದು ತುದಿಯನ್ನೂ ಕೂಡಿಸಲಿಲ್ಲ. ಕೊನೆಗೆ ಮಾತ್ರ ಪೆನ್ನು ಎತ್ತಿಕೊಂಡೇ ಚೌಕಾಸಿಗೆ ಇಳಿದರು.

"ತಾವರೆನಾದ್ರೂ ಬರೀಲಾ?"

ಬರೆಯಿರಿ ಎಂದೆ. ಕರೆಂಟು ಹೋಗದ ಮೂಲೆಯಲ್ಲಿ.

ದೀಪ ಹತ್ತಿತು

ಈ ಸಲ ಹತ್ತಿತು! ಗುಂಡಿ ಒತ್ತಿದರೆ ಕೆಂಪು ದೀಪ ಝಗ್ ಎಂದು ಹತ್ತಿ, ಸ್ವಲ್ಪ ಹೊತ್ತು ಉರಿದು, ತಾನೇ ಆರುತ್ತಿತ್ತು. ನನಗೆ ನಿಂತಲ್ಲೇ ಕುಣಿಯಬೇಕೆನಿಸಿತು. ಮನೆಯವರು ಗೇಟಿನಿಂದ ವೈರು ಎಳೆದು, ಅತ್ತೆಯ ಕುರ್ಚಿಯ ಎದುರಿಗೆ ಟಿ.ವಿ. ಪಕ್ಕದ ಪ್ಲಗ್ಗಿನಲ್ಲಿ ಡಬ್ಬ ಕೂರಿಸಿಕೊಟ್ಟರು. ನಾನು ಅತ್ತೆಯನ್ನು ಕೂರಿಸಿಕೊಂಡು, ಕರೆಂಟು ಎಲ್ಲಿಂದ ಬರುತ್ತದೆ, ಅವರು ಬರೆದ ಯಾವ ಗೆರೆಯಲ್ಲಿ ಹೋಗುತ್ತದೆ, ಎಂಟು ಕಾಲಿನ ಕರೀ ಹುಳದಂಥ ಆ ಚಿಪ್ ಏನು ಮಾಡುತ್ತದೆ, ಎಲ್ಲವನ್ನೂ ಗಂಟಲು ಹರಿಯುವಂತೆ ವಿವರಿಸಿದೆ. ಅವರು ಎಲ್ಲದಕ್ಕೂ ತಲೆಯಾಡಿಸಿದರು.

ಮಾರನೇ ಮಧ್ಯಾಹ್ನ ಮೂಲೆಮನೆಗೆ ಓಡಿದೆ. ಅಜ್ಜಿಯ ಹಾಲಿನಲ್ಲಿ ಎರಡು ಬ್ಯಾಗು ಕಟ್ಟಿ ಇಟ್ಟಿತ್ತು. ಭಾನುವಾರ ಅಳಿಯ ಕಾರು ತರುತ್ತಾನಂತೆ.

"ಅಜ್ಜಿ, ಒಂದೇ ಒಂದ್ಸಲ ಬಂದು ಬೆಲ್ ಒತ್ತಿ. ಹೊಸ ಬೆಲ್ಲು. ಅತ್ತೆಗೆ ಕಾಣಿಸುತ್ತೆ."

"ಅವಳಿಗೆ ನನ್ನ ಮುಖ ಕಂಡ್ರೆ ತಾನೆ ಬೆಲ್ ಕಾಣ್ಸೋದು!"

"ಅದನ್ನ ಅತ್ತೇನೇ ಬರೆದಿದ್ದು ಅಜ್ಜಿ. ಕೈಯಾರೆ. ತಾವರೆ ಬೇರೆ ಹಾಕಿದಾರೆ."

ಅಜ್ಜಿ ನನ್ನ ಕಡೆ ತಿರುಗಿದರು. "ನಂಗೋಸ್ಕರಾನಾ?" ಎಂದರು. ಆಮೇಲೆ ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು, ತಲೆ ಬಾಚಿಕೊಂಡು, ಎಲೆಅಡಿಕೆ ಚೀಲ ಹಿಡಿದು ಬಂದರು.

ಗೇಟಿನಲ್ಲಿ ನಿಂತೆವು. ಕಿಟಕಿಯಿಂದ ಒಳಗೆ ಅತ್ತೆ ಕುರ್ಚಿಯಲ್ಲಿ ಕೂತಿರುವುದು ಕಾಣುತ್ತಿತ್ತು. ಅಜ್ಜಿ ನನ್ನ ಮುಖ ನೋಡಿ, ದೇವರ ಗಂಟೆ ಮುಟ್ಟಿದ ಹಾಗೆ ಗುಂಡಿ ಒತ್ತಿದರು. ಒಳಗೆ ಕೆಂಪಗೆ ದೀಪ ಹತ್ತಿತು.

ಅತ್ತೆ ದೀಪ ನೋಡಿದರು. ಎರಡೂ ಕೈ ಜೋಡಿಸಿ ಕಣ್ಣಿಗೆ ಒತ್ತಿಕೊಂಡರು. ದೀಪ ಹತ್ತಿದರೆ ಕೈ ಮುಗಿಯುವುದು ಅವರ ಪದ್ಧತಿ. ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದರು. "ಎದ್ರು ಅಜ್ಜಿ, ಎದ್ರು! ಬರ್ತಿದಾರೆ!" ಎಂದೆ. ಅಜ್ಜಿ ಸೆರಗು ಸರಿಮಾಡಿಕೊಂಡರು.

ಅತ್ತೆ ನಿಧಾನವಾಗಿ ನಡೆದರು. ಬಾಗಿಲ ಕಡೆಗಲ್ಲ, ಟಿ.ವಿ. ಕಡೆಗೆ. ಪ್ಲಗ್ಗಿನ ಸ್ವಿಚ್ಚು ಟಕ್ ಎಂದು ಆರಿಸಿದರು. ಹಾಗೇ ಬಂದು ಕುರ್ಚಿಯಲ್ಲಿ ಕೂತು ಕಾಲು ಚಾಚಿದರು.

ಅತ್ತೆಗೆ ನಾನು ಕರೆಂಟಿನ ಇಡೀ ಪುರಾಣ ಹೇಳಿದ್ದೆ. ದೀಪ ಹತ್ತಿದರೆ ಬಾಗಿಲು ತೆಗೆಯಬೇಕು ಎನ್ನುವುದೊಂದನ್ನು ಬಿಟ್ಟು.

ಪಕ್ಕಕ್ಕೆ ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ. ಮೂಲೆಮನೆ ಅಜ್ಜಿ ನನ್ನನ್ನು ಅತ್ತ ತಳ್ಳಿ, ಕಿಟಕಿಯ ಸರಳು ಹಿಡಿದರು. ಹಿಂದೆ ಇದೇ ಜಾಗದಲ್ಲಿ ಹೊಲವಿದ್ದಾಗ ಆ ಬದುವಿನಿಂದ ಈ ಬದುವಿಗೆ ದನ ಕೂಗಿದ ಗಂಟಲು ಅದು.

"ಲೇಏಏ! ನಾನು ಬಂದೆ ಅಂತ ಗೊತ್ತಾಗಿ ದೀಪ ಆರಿಸ್ತೀಯೇನೇ? ಕಣ್ಣಾರೆ ಕಂಡೆ ಕಣೇ! ಕೈ ಬೇರೆ ಮುಗೀತೀಯಾ, ದೊಡ್ಡ ನಮಸ್ಕಾರ ಹೋಗಮ್ಮ ಅಂತಾನಾ? ಹೋಗ್ತೀನಿ! ಕೆಂಗೇರಿಗೇ ಹೋಗ್ತೀನಿ!"

ಎದುರು ಮನೆಯ ಮಹಡಿಯ ಬಾಡಿಗೆಯವರು ಹೊರಗೆ ಬಂದರು. ಪಾರ್ಸೆಲ್ ಕೊಡಲು ಬಂದವನು ಬೈಕ್ ಆಫ್ ಮಾಡಿದ. ಮೂರು ಮನೆ ಆಚೆ ನಾಯಿ ಬೊಗಳಿತು. ಒಳಗೆ ಕುರ್ಚಿಯಲ್ಲಿ ಅತ್ತೆ ತಟ್ಟನೆ ತಲೆಯೆತ್ತಿದರು. ಎದ್ದರು. ಮಂಡಿ ನೋವು ಮರೆತವರ ಹಾಗೆ ಬಂದು ಬಾಗಿಲು ಪೂರ್ತಿ ತೆಗೆದು ನಿಂತರು.

"ಬಂದ್ಯಾ?" ಎಂದರು. ಕಣ್ಣು ತುಂಬಿತ್ತು, ಆದರೂ ಗತ್ತು ಬಿಡಲಿಲ್ಲ. "ಬೀದೀಲಿ ನಿಂತ್ಕೊಂಡು ಹಿಂಗೆ ಯಾರಾದ್ರೂ ಕಿರುಚ್ತಾರೇನೇ? ಬೆಲ್ ಒತ್ತಬಾರ್ದಾ?"

ಅಜ್ಜಿಗೆ ನಗು ಬಂತು. ಬಾಗಿಲ ಮೆಟ್ಟಿಲ ಮೇಲೇ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು. ಏನೆಂದು ತಿಳಿಯದಿದ್ದರೂ ಅತ್ತೆಯೂ ಪಕ್ಕದಲ್ಲಿ ಕೂತು ನಕ್ಕರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ನನಗೇ ನೆನಪಿಲ್ಲ. ಒಳಗೆ ಹೋಗಿ ಕಾಫಿಗೆ ನೀರಿಟ್ಟು ಬರುವಷ್ಟರಲ್ಲಿ ಚೌಕಾಬಾರದ ಹಲಗೆ ಗೋಡೆಯಿಂದ ಇಳಿದಿತ್ತು, ಕವಡೆಯ ಜಗಳ ಶುರುವಾಗಿತ್ತು.

ಭಾನುವಾರ ಅಳಿಯ ಕಾರು ತಂದ. ಕೆಂಗೇರಿಗೆ ಅಜ್ಜಿ ಹೋದರು, ಸೋಮವಾರ ಮಧ್ಯಾಹ್ನದ ಆಟಕ್ಕೆ ವಾಪಸ್ಸು ಬಂದರು. ಗಾಳಿ ಜಾಸ್ತಿಯಂತೆ.

ಈಗ ಊಟ ಮುಗಿದ ಕೂಡಲೇ ಅತ್ತೆ ಎದ್ದು ಹೋಗಿ, ನಾನು ದಿನಾ ಬೆಳಿಗ್ಗೆ ಹಾಕಿಡುವ ಆ ಪ್ಲಗ್ಗಿನ ಸ್ವಿಚ್ಚು ಆರಿಸಿ, ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಾರೆ. ಅಜ್ಜಿ ಬಂದು ಗುಂಡಿಯ ತಂಟೆಗೇ ಹೋಗದೆ ಸರಳು ಹಿಡಿದು ಕೂಗುತ್ತಾರೆ. ನಾನು ಎಷ್ಟೋ ಸಲ ಹೇಳಿ ನೋಡಿದೆ, ಅತ್ತೆ, ಅದು ಆರಿಸಲಿಕ್ಕಲ್ಲ, ಹತ್ತಲಿಕ್ಕೆ ಅಂತ. ಅವರು ನನ್ನ ಬೆನ್ನು ತಟ್ಟಿದರು.

"ನಿಂಗೆ ಗೊತ್ತಾಗಲ್ಲ ಸುಮ್ನಿರು. ಮಿಷಿನ್ ಚೆನ್ನಾಗಿ ಮಾಡಿದೀಯ ಕಣೇ. ಆರಿಸಿದ ತಕ್ಷಣ ಬಂದ್ಬಿಡ್ತಾಳೆ."